ತನ್ನ ಹೆಸರು ತಾನೇ ಹೇಳಲಾಗದ ಹೀರೋ

ಹೋದ ಸಂಚಿಕೆಯಲ್ಲಿ ಯಾರಿಗೋ ಉತ್ತರ ಬರೆಯುತ್ತಾ, ‘ಶಜಾಮ್ ಈಗಿನ ಹುಡುಗರ ಹೀರೋ ಅಲ್ಲ, ಅವರ ಮುತ್ತಜ್ಜನ ಕಾಲದವನು’ ಎಂದು ಒಂದು ಸಾಲು ಸೇರಿಸಿದ್ದೆ. ಸುಮ್ನೆ ಇರಲಾರದೆ ಇರುವೆ ಬಿಟ್ಟುಕೊಂಡ ಹಾಗಾಯಿತು. ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಅಮೆರಿಕದ ಕಾಮಿಕ್ಸ್‌ನ ಈ ಸೂಪರ್‌ಹೀರೋ ಬಗ್ಗೆಯೇ. ಹಾಗಾಗಿ ಅಂಕಣ ಪೂರ್ತಿ ಅವನಿಗೇ ಬಿಟ್ಟಿದ್ದೇನೆ. ನಾನು ಪತ್ರಿಕೆಗಳಿಗೆ ಚಿತ್ರ ಬರೆದು ಬದುಕಿದವನು. ಮಾತು ನಡುನಡುವೆ ಗೆರೆ, ಬಣ್ಣದ ಕಡೆ ಜಾರಿದರೆ ಬೇಸರ ಮಾಡಿಕೊಳ್ಳಬೇಡಿ.

ಪ್ರಶ್ನೆ: ಸಿನಿಮಾ ನೋಡಿ ಬಂದ ಮೇಲೆ ನನ್ನ ಮಗ ಸೋಫಾ ಮೇಲಿಂದ ‘ಶಜಾಮ್’ ಎಂದು ಕೂಗಿ ಹಾರುತ್ತಾನೆ. ಅದು ಯಾವುದಾದರೂ ದೇವರ ಹೆಸರಾ? ಅರ್ಥ ಏನು? (ಒಬ್ಬ ತಾಯಿ)

ಸೋಫಾ ಗಟ್ಟಿಯಾಗಿದ್ದರೆ ಹಾರಲಿ ಬಿಡಿ ತಾಯಿ. ಅದು ಒಬ್ಬ ದೇವರ ಹೆಸರಲ್ಲ. ಆರು ಹೆಸರುಗಳ ಮೊದಲ ಅಕ್ಷರ ಪೋಣಿಸಿ ಮಾಡಿದ ಪದ. ಇಂಗ್ಲಿಷಿನಲ್ಲಿ ಬರೆದರೆ ಎಸ್, ಎಚ್, ಎ, ಝಡ್, ಎ, ಎಂ. ಕತೆಯ ಹುಡುಗ ಅದನ್ನು ಕೂಗಿದರೆ ಆರೂ ಜನರ ಶಕ್ತಿ ಅವನಿಗೆ ಬರುತ್ತದೆ: ಸಾಲೊಮನ್‌ನ ಬುದ್ಧಿ, ಹರ್ಕ್ಯುಲಿಸ್‌ನ ಬಲ, ಅಟ್ಲಾಸ್‌ನ ತಾಳಿಕೆ, ಜ್ಯೂಸ್‌ನ ಶಕ್ತಿ, ಅಕಿಲೀಸ್‌ನ ಧೈರ್ಯ, ಮರ್ಕ್ಯುರಿಯ ವೇಗ. (ಜ್ಯೂಸ್ ಅಂದರೆ ಕುಡಿಯೋದಲ್ಲ. ಗ್ರೀಕರ ದೇವರಾಜ, ಕೈಯಲ್ಲಿ ಸಿಡಿಲು ಹಿಡಿದವನು. ನಮ್ಮ ಇಂದ್ರನ ಹಾಗೆ ಅಂದುಕೊಳ್ಳಿ.)

ಈ ಪಟ್ಟಿಯನ್ನು ಸ್ವಲ್ಪ ನಿಧಾನವಾಗಿ ನೋಡಿದರೆ ನಗು ಬರುತ್ತದೆ. ಪೂರಾ ಕಲಸುಮೇಲೋಗರ. ಸಾಲೊಮನ್ ದೇವರೇ ಅಲ್ಲ, ಬೈಬಲ್ಲಿನ ರಾಜ. ಅಕಿಲೀಸ್ ಟ್ರಾಯ್ ಯುದ್ಧದ ವೀರ. ದುರ್ಯೋಧನನಿಗೆ ತೊಡೆ ಹೇಗೋ ಅವನಿಗೆ ಹಿಮ್ಮಡಿ ಹಾಗೆ. ಜ್ಯೂಸ್ ಗ್ರೀಕ್ ಹೆಸರು, ಮರ್ಕ್ಯುರಿ ರೋಮನ್ ಹೆಸರು. ಗ್ರೀಕರಲ್ಲಿ ಮರ್ಕ್ಯುರಿಯ ಜಾಗದಲ್ಲಿರುವವನು ಹರ್ಮಿಸ್. ಆದರೆ ಹರ್ಮಿಸ್ ಎಂದು ಬರೆದರೆ ಕೊನೆಗೆ ಎಂ ಸಿಗುವುದಿಲ್ಲ ನೋಡಿ! ಪುರಾಣ ಬಲ್ಲವರು ಮೂಗು ಮುರಿಯಬಹುದು. ಕೂಗುವ ಹುಡುಗನಿಗೆ ಏನಾಗಬೇಕು?

ಇದನ್ನು ಹೆಣೆದವನು ಬಿಲ್ ಪಾರ್ಕರ್. ಅಮೆರಿಕದ ಫಾಸೆಟ್ ಪ್ರಕಾಶನದಲ್ಲಿ ಕೆಲಸಕ್ಕಿದ್ದವನು. ಅವನ ಮೊದಲ ಯೋಚನೆ ಬೇರೆಯೇ ಇತ್ತು. ಆರು ಜನರ ಒಂದು ತಂಡ, ಒಬ್ಬೊಬ್ಬನಿಗೆ ಪುರಾಣದ ಒಬ್ಬೊಬ್ಬರ ಶಕ್ತಿ. ಆರು ಜನ ಯಾಕೆ, ಎಲ್ಲಾ ಒಬ್ಬನಿಗೇ ಕೊಡು ಎಂದರು ಮೇಲಿನವರು. ಮೇಲಿನವರು ಹೇಳಿದ್ದು ಸರಿಯಾಗಿದ್ದ ಅಪರೂಪದ ಸಂದರ್ಭ ಇದು. ಚಿತ್ರ ಬರೆದವನು ಸಿ. ಸಿ. ಬೆಕ್. ಹೀರೋಗೆ ಮೊದಲು ಇಟ್ಟ ಹೆಸರು ಕ್ಯಾಪ್ಟನ್ ಥಂಡರ್. ಹೆಸರಿನ ಹಕ್ಕಿನ ತೊಡಕು ಬಂದು ಅದನ್ನು ಕೈಬಿಟ್ಟು, ಕ್ಯಾಪ್ಟನ್ ಮಾರ್ವೆಲ್ ಎಂದು ಕರೆದರು. ಹೌದು, ಅವನ ನಿಜವಾದ ಹೆಸರು ಕ್ಯಾಪ್ಟನ್ ಮಾರ್ವೆಲ್. ಶಜಾಮ್ ಎನ್ನುವುದು ಅವನಿಗೆ ಶಕ್ತಿ ಕೊಟ್ಟ ಮುದುಕನ ಹೆಸರು. ಆ ಗೋಜಲಿಗೆ ಮುಂದೆ ಬರುತ್ತೇನೆ.

ಪ್ರಶ್ನೆ: ಅವನು ಮೊದಲು ಬಂದದ್ದು ಯಾವ ಪುಸ್ತಕದಲ್ಲಿ? ಆ ಮೊದಲ ಕತೆ ಏನು? (ಹಳೆಯ ಕಾಮಿಕ್ಸ್ ಕೂಡಿಡುವವರು)

‘ವಿಜ್ ಕಾಮಿಕ್ಸ್’ ಎರಡನೇ ಸಂಚಿಕೆ, ಬೆಲೆ 10 ಸೆಂಟ್. ಮೇಲೆ 1940ರ ಫೆಬ್ರವರಿ ಎಂದಿದೆ, ಅಂಗಡಿಗೆ ಬಂದದ್ದು 1939ರ ಕೊನೆಯಲ್ಲೇ. ಮೊದಲನೇ ಸಂಚಿಕೆ ಹುಡುಕಲು ಹೋಗಬೇಡಿ. ಮಾರಾಟಕ್ಕೆ ಮೊದಲು, ಹೆಸರಿನ ಹಕ್ಕು ಕಾಯ್ದುಕೊಳ್ಳಲು ಕೆಲವೇ ಪ್ರತಿ ಕಪ್ಪು-ಬಿಳುಪಿನಲ್ಲಿ ಅಚ್ಚು ಹಾಕಿದ್ದರು, ಅಷ್ಟೇ.

ಕತೆ ಶುರುವಾಗುವುದು ರಾತ್ರಿ ಹೊತ್ತಿನಲ್ಲಿ, ಸುರಂಗ ರೈಲಿನ ಸ್ಟೇಷನ್ ಹೊರಗೆ. ಬಿಲ್ಲಿ ಬ್ಯಾಟ್ಸನ್ ಎಂಬ ಹುಡುಗ ನಿಂತು ಪೇಪರ್ ಮಾರುತ್ತಿದ್ದಾನೆ. ಅಪ್ಪ ಅಮ್ಮ ಇಲ್ಲ. ಆಸ್ತಿ ನುಂಗಲು ಚಿಕ್ಕಪ್ಪ ಹೊರಗೆ ಹಾಕಿದ್ದಾನೆ. ಮುಖ ಕಾಣದ ಹಾಗೆ ಟೋಪಿ ಇಳಿಸಿಕೊಂಡ ಒಬ್ಬ ಬಂದು, ಇಷ್ಟು ಹೊತ್ತಲ್ಲಿ ಮನೆಗೆ ಹೋಗಿ ಮಲಗಬಾರದಾ ಎಂದು ಕೇಳುತ್ತಾನೆ. ಮನೆ ಇಲ್ಲ, ಸ್ಟೇಷನ್ನಿನಲ್ಲೇ ಮಲಗುತ್ತೇನೆ, ಅಲ್ಲಿ ಬೆಚ್ಚಗಿರುತ್ತದೆ ಎನ್ನುತ್ತಾನೆ ಹುಡುಗ. ಅಳು ಇಲ್ಲ, ಗೋಳು ಇಲ್ಲ. ಬೆಚ್ಚಗಿರುತ್ತದೆ, ಅಷ್ಟೇ.

ಆಮೇಲೆ ಇಬ್ಬರೂ ಕೆಳಗಿಳಿಯುತ್ತಾರೆ. ಮೈತುಂಬ ವಿಚಿತ್ರ ಚಿತ್ತಾರ ಬಳಿದ ಒಂದು ರೈಲು ಬಂದು ನಿಲ್ಲುತ್ತದೆ, ಓಡಿಸುವವರಿಲ್ಲ. ಅದು ಕರೆದುಕೊಂಡು ಹೋಗುವುದು ಒಂದು ಗುಹೆಗೆ. ಗೋಡೆಯುದ್ದಕ್ಕೂ ಏಳು ವಿಕಾರ ಮೂರ್ತಿಗಳು: ಗರ್ವ, ಮತ್ಸರ, ದುರಾಸೆ, ದ್ವೇಷ, ಸ್ವಾರ್ಥ, ಸೋಮಾರಿತನ, ಅನ್ಯಾಯ. ನಮ್ಮ ಅರಿಷಡ್ವರ್ಗಕ್ಕಿಂತ ಒಂದು ಜಾಸ್ತಿ. ಕೊನೆಯಲ್ಲಿ ಸಿಂಹಾಸನದ ಮೇಲೆ ಶಜಾಮ್ ಎಂಬ ಮಂತ್ರವಾದಿ. ಮೂರು ಸಾವಿರ ವರ್ಷ ಕೆಟ್ಟದ್ದರ ವಿರುದ್ಧ ಹೋರಾಡಿ ಸೋತು ಸುಣ್ಣವಾದ ಗಡ್ಡದ ಮುದುಕ. ಅವನ ತಲೆಯ ಮೇಲೆ ಸರಿಯಾಗಿ ಒಂದು ದೊಡ್ಡ ಕಲ್ಲು ಬಂಡೆ, ಒಂದೇ ಒಂದು ದಾರದಲ್ಲಿ ನೇತಾಡುತ್ತಿದೆ.

ಆ ಪುಟದ ಮೇಲೆ ನಾನು ಎಷ್ಟು ಹೊತ್ತು ಕೂತಿದ್ದೇನೋ ಗೊತ್ತಿಲ್ಲ. ಬಂಡೆ ಯಾಕಿದೆ, ಯಾರು ಕಟ್ಟಿದರು ಎಂದು ಬೆಕ್ ಒತ್ತಿ ಹೇಳುವುದೇ ಇಲ್ಲ. ಸುಮ್ನೆ ಬರೆದು ಬಿಟ್ಟಿದ್ದಾನೆ. ಮುದುಕ ಮಾತಾಡುವಾಗಲೆಲ್ಲ ನಿಮ್ಮ ಕಣ್ಣು ಮೇಲೆ ಹೋಗುತ್ತದೆ. ‘ನನ್ನ ಹೆಸರು ಹೇಳು’ ಎನ್ನುತ್ತಾನೆ. ಹುಡುಗ ಹೇಳುತ್ತಾನೆ. ಸಿಡಿಲು ಬಡಿದು ಅಲ್ಲಿ ಕೆಂಪು ಬಟ್ಟೆಯ ದೊಡ್ಡ ಗಂಡಸು ನಿಂತಿರುತ್ತಾನೆ. ಇನ್ನೊಂದು ಸಲ ಹೇಳಿದರೆ ಮತ್ತೆ ಹುಡುಗ. ದಾರ ಹರಿದು ಬಂಡೆ ಬೀಳುತ್ತದೆ, ಮುದುಕನ ಕೆಲಸ ಮುಗಿಯಿತು.

ಅದೇ ಕತೆಯಲ್ಲಿ ಸಿವಾನಾ ಎಂಬ ಬೊಕ್ಕತಲೆ ವಿಜ್ಞಾನಿ, ದೇಶದ ರೇಡಿಯೋಗಳನ್ನೆಲ್ಲ ಬಂದ್ ಮಾಡುತ್ತೇನೆ, ಬೇಡ ಅಂದರೆ ಐದು ಕೋಟಿ ಡಾಲರ್ ಕೊಡಿ ಎಂದು ಹೆದರಿಸುತ್ತಾನೆ. ಹುಡುಗ ಅವನನ್ನು ಮಟ್ಟ ಹಾಕುತ್ತಾನೆ. ಅವನಿಗೆ ಸಿಕ್ಕ ಬಹುಮಾನ ಏನು ಗೊತ್ತಾ? ರೇಡಿಯೋ ಸ್ಟೇಷನ್ನಿನಲ್ಲಿ ಒಂದು ನೌಕರಿ.

ಪ್ರಶ್ನೆ: ನೀವು ಎಷ್ಟೇ ಹೊಗಳಿ, ಅವನು ಸೂಪರ್‌ಮ್ಯಾನ್ ನಕಲು ಅಲ್ವಾ? ಕೋರ್ಟೇ ಹಾಗೆ ಹೇಳಿದೆ ಎಂದು ಓದಿದ್ದೇನೆ. (ನಿವೃತ್ತ ಮೇಷ್ಟ್ರು)

ಮೇಷ್ಟ್ರೇ, ಅರ್ಧ ಒಪ್ಪುತ್ತೇನೆ. 1938ರಲ್ಲಿ ಸೂಪರ್‌ಮ್ಯಾನ್ ಬಂದ ಪುಸ್ತಕದ ಮುಖಪುಟದಲ್ಲಿ ಅವನು ಕಾರು ಎತ್ತಿ ಹಿಡಿದಿದ್ದಾನೆ. ‘ವಿಜ್’ ಎರಡನೇ ಸಂಚಿಕೆಯ ಮುಖಪುಟದಲ್ಲಿ ನಮ್ಮವನು ಕಾರನ್ನು ಗೋಡೆಗೆ ಎಸೆಯುತ್ತಿದ್ದಾನೆ. ಇಬ್ಬರಿಗೂ ಮೈಗಂಟಿದ ಬಟ್ಟೆ, ಹೆಗಲ ಮೇಲೆ ಹೊದಿಕೆ, ಅಪಾರ ಬಲ. ಅದು ಗೆದ್ದಿತು, ನಮಗೂ ಒಂದು ಬೇಕು ಎಂದು ಫಾಸೆಟ್‌ನವರು ಹೊರಟರು ಎನ್ನುವುದರಲ್ಲಿ ಗುಟ್ಟೇನೂ ಇಲ್ಲ.

ಆದರೆ ಒಂದು ಮಾತು. ಸೂಪರ್‌ಮ್ಯಾನ್ ದೊಡ್ಡವನು, ತನ್ನ ಶಕ್ತಿ ಮುಚ್ಚಿಕೊಂಡು ಸಾಮಾನ್ಯನ ವೇಷ ಹಾಕುತ್ತಾನೆ. ಬಿಲ್ಲಿ ವೇಷ ಹಾಕುವುದಿಲ್ಲ. ಅವನು ನಿಜವಾಗಿ ಸಣ್ಣವನು, ಒಂದು ಪದ ಹೇಳಿ ದೊಡ್ಡವನಾಗುತ್ತಾನೆ. ಓದುವ ಹುಡುಗನಿಗೆ ಸೂಪರ್‌ಮ್ಯಾನ್ ನೋಡಬೇಕಾದವನು, ಬಿಲ್ಲಿ ತಾನೇ. ಮಾರಾಟ ನೋಡಿದರೆ ಆ ಹುಡುಗರು ಏನಂದುಕೊಂಡರೋ ಗೊತ್ತಾಗುತ್ತದೆ. 1944ರಲ್ಲಿ ಅವನ ಹೆಸರಿನ ಪತ್ರಿಕೆ 1 ಕೋಟಿ 40 ಲಕ್ಷ ಪ್ರತಿ ಮಾರಿತ್ತು. ಒಂದಷ್ಟು ಕಾಲ ಸೂಪರ್‌ಮ್ಯಾನನ್ನೇ ಹಿಂದೆ ಹಾಕಿದ್ದ. 1941ರಲ್ಲೇ ಅವನ ಮೇಲೆ 12 ಕಂತಿನ ಸಿನಿಮಾ ಬಂತು. ಕಾಮಿಕ್ಸ್ ಸೂಪರ್‌ಹೀರೋ ಬೆಳ್ಳಿತೆರೆಗೆ ಬಂದದ್ದು ಅದೇ ಮೊದಲು. ಹಾರುವ ದೃಶ್ಯಕ್ಕೆ ತಂತಿಗೆ ಗೊಂಬೆ ಕಟ್ಟಿ ಜಾರಿಸಿದ್ದರು, ಈಗ ನೋಡಿದರೂ ಚೆನ್ನಾಗಿದೆ.

ಕೇಸು ಹೂಡಿದ್ದೂ ಅದೇ 1941ರಲ್ಲಿ. ಹೂಡಿದವರು ಸೂಪರ್‌ಮ್ಯಾನ್ ಪ್ರಕಾಶಕರು, ಇವತ್ತಿನ ಡಿಸಿ ಕಂಪನಿಯ ಹಿರೀಕರು. ವಿಚಾರಣೆ ನಡೆದದ್ದು 1948ರಲ್ಲಿ. ಕೆಳಗಿನ ಕೋರ್ಟಿನಲ್ಲಿ ಫಾಸೆಟ್ ಗೆದ್ದಿತು. 1951ರಲ್ಲಿ ಮೇಲ್ಮನವಿ ಕೋರ್ಟಿನ ನ್ಯಾಯಾಧೀಶ ಲರ್ನೆಡ್ ಹ್ಯಾಂಡ್ (ಹೆಸರೇ ಅದು, ತಮಾಷೆ ಅಲ್ಲ) ಅದನ್ನು ತಿರುಗಿಸಿ, ಯಾವ ಯಾವ ಕತೆ ನಕಲು ಎಂದು ಒಂದೊಂದಾಗಿ ನೋಡಿ ಎಂದು ವಾಪಸ್ ಕಳಿಸಿದರು. ಅಷ್ಟರಲ್ಲಿ ಸೂಪರ್‌ಹೀರೋ ಪುಸ್ತಕಗಳ ಮಾರಾಟ ಬಿದ್ದುಹೋಗಿತ್ತು. ಯಾರಿಗೆ ಬೇಕು ಈ ಅಲೆದಾಟ? 1953ರಲ್ಲಿ ಫಾಸೆಟ್ 4 ಲಕ್ಷ ಡಾಲರ್ ಕೊಟ್ಟು ರಾಜಿಯಾಯಿತು. ಪುಸ್ತಕ ನಿಂತಿತು, ಹುಡುಗ ಮನೆ ಸೇರಿದ. ಅಂದರೆ ಕೋರ್ಟು ಕೊಂದದ್ದಕ್ಕಿಂತ ಜಾಸ್ತಿ, ಲೆಕ್ಕದ ಪುಸ್ತಕ ಕೊಂದಿತು ಎನ್ನಬೇಕು.

ಪ್ರಶ್ನೆ: ಕ್ಯಾಪ್ಟನ್ ಮಾರ್ವೆಲ್ ಅಂದರೆ ಸಿನಿಮಾದಲ್ಲಿ ಹೆಂಗಸು! ನೀವು ಗಂಡಸು ಅನ್ನುತ್ತೀರಿ. ಯಾರು ಸರಿ? (ಪಿಯುಸಿ ವಿದ್ಯಾರ್ಥಿನಿ)

ಇಬ್ಬರೂ ಸರಿ ಕಣಮ್ಮಾ. ಇದು ಹೆಸರು ಕಳೆದುಕೊಂಡವನ ಕತೆ.

ಫಾಸೆಟ್ ಕೈಬಿಟ್ಟ ಮೇಲೆ ಆ ಹೆಸರಿಗೆ ಹೇಳೋರು ಕೇಳೋರು ಇರಲಿಲ್ಲ. 1967ರಲ್ಲಿ ಮಾರ್ವೆಲ್ ಎಂಬ ಇನ್ನೊಂದು ಕಾಮಿಕ್ಸ್ ಕಂಪನಿ ತನ್ನದೇ ಕ್ಯಾಪ್ಟನ್ ಮಾರ್ವೆಲ್ ಒಬ್ಬನನ್ನು ತಂದಿತು, ಅವನು ಬೇರೆ ಗ್ರಹದವನು. ನೀನು ಸಿನಿಮಾದಲ್ಲಿ ನೋಡಿದವಳು ಆ ಸಾಲಿನವಳು. 1972ರಲ್ಲಿ ಹಳೆಯ ಹುಡುಗನನ್ನು ಮತ್ತೆ ಅಚ್ಚು ಹಾಕುವ ಹಕ್ಕು ಪಡೆದವರು ಯಾರು ಗೊತ್ತಾ? ಅವನ ಮೇಲೆ ಕೇಸು ಹಾಕಿದ್ದ ಅದೇ ಡಿಸಿ! ಆದರೆ ಮುಖಪುಟದ ಮೇಲೆ ಅವನ ಹೆಸರು ಹಾಕುವ ಹಾಗಿಲ್ಲ, ಅದು ಮಾರ್ವೆಲ್‌ನವರ ಪಾಲಾಗಿದೆ. ಹಾಗಾಗಿ 1973ರಲ್ಲಿ ‘ಶಜಾಮ್’ ಎಂಬ ತಲೆಬರಹದಲ್ಲಿ ಪುಸ್ತಕ ಬಂತು. ಮೊದಲ ಸಂಚಿಕೆಯ ಮುಖಪುಟದಲ್ಲಿ ಅವನನ್ನು ಓದುಗರಿಗೆ ಪರಿಚಯ ಮಾಡಿಕೊಡುತ್ತಿರುವವನು ಸೂಪರ್‌ಮ್ಯಾನ್. ಇಂಥ ವ್ಯಂಗ್ಯ ಬೇಕೆಂದರೂ ಬರೆಯಲಾಗುವುದಿಲ್ಲ.

ಪುಸ್ತಕದ ಮೇಲೆ ಶಜಾಮ್, ಒಳಗೆ ಕ್ಯಾಪ್ಟನ್ ಮಾರ್ವೆಲ್. ಜನ ಹೊರಗಿನದನ್ನೇ ಹಿಡಿದುಕೊಂಡರು. 2010ರ ದಶಕದ ಶುರುವಿನಲ್ಲಿ ಡಿಸಿಯೂ ಸೋತು, ಹೀರೋನ ಹೆಸರನ್ನೇ ಶಜಾಮ್ ಎಂದು ಮಾಡಿತು. 2019ರ ಸಿನಿಮಾ ಬರುವ ಹೊತ್ತಿಗೆ ಗುರುವಿನ ಹೆಸರು ಶಿಷ್ಯನಿಗೆ ಅಂಟಿಯಾಗಿತ್ತು. ನನಗೆ ಇದು ಇಷ್ಟವಿಲ್ಲ. ಯಾಕೆ ಎನ್ನುವುದು ಕೊನೆಯ ಪ್ರಶ್ನೆಯಲ್ಲಿದೆ.

ಇನ್ನೊಂದು ಕವಲೂ ಇದೆ. ಬ್ರಿಟನ್ನಿನಲ್ಲಿ ಈ ಕತೆಗಳನ್ನು ಅಚ್ಚು ಹಾಕಿ ಮಾರುತ್ತಿದ್ದ ಪ್ರಕಾಶಕರಿಗೆ ಒಮ್ಮೆಲೇ ಸರಕು ನಿಂತುಹೋಯಿತು. ಅವರು ಮಿಕ್ ಆಂಗ್ಲೋ ಎಂಬ ಚಿತ್ರಗಾರನಿಂದ 1954ರಲ್ಲಿ ‘ಮಾರ್ವೆಲ್‌ಮ್ಯಾನ್’ ಮಾಡಿಸಿದರು. ಅವನ ಮಂತ್ರ ‘ಕಿಮೋಟಾ’. ಇಂಗ್ಲಿಷಿನ ಅಟಾಮಿಕ್ ಪದವನ್ನು ಹಿಂದುಮುಂದಾಗಿ ಓದು, ಸರಿಸುಮಾರು ಅದೇ. ದೇವತೆಗಳು ಹೋಗಿ ಅಣುಶಕ್ತಿ ಬಂತು, ಹತ್ತೇ ಹದಿನೈದು ವರ್ಷದಲ್ಲಿ. 1982ರಲ್ಲಿ ಆ ಮಾರ್ವೆಲ್‌ಮ್ಯಾನನ್ನು ಕಾಮಿಕ್ಸ್ ಕತೆಗಾರ ಅಲನ್ ಮೂರ್ ಮತ್ತೆ ಕೈಗೆತ್ತಿಕೊಂಡು ಕಪ್ಪು, ಕಹಿ ಕತೆಯೊಂದನ್ನು ಬರೆದ. ಆಮೇಲೆ ಬಂದ ದೊಡ್ಡವರ ಕಾಮಿಕ್ಸ್‌ಗೆ ಅದು ದಾರಿ ತೆಗೆಯಿತು.

ಹೆಂಗಸು ಎಂದೆಯಲ್ಲ, ಬಿಲ್ಲಿಗೆ ಮೇರಿ ಎಂಬ ಅವಳಿ ತಂಗಿಯೂ ಇದ್ದಾಳೆ. 1942ರಲ್ಲಿ ಬಂದಳು. ಅವಳೂ ಅದೇ ಪದ ಕೂಗುತ್ತಾಳೆ, ಪಟ್ಟಿ ಮಾತ್ರ ಬೇರೆ: ಸೆಲೆನಾ, ಹಿಪ್ಪೊಲಿಟಾ, ಅರಿಯಾಡ್ನೆ, ಜೆಫಿರಸ್, ಅರೋರಾ, ಮಿನರ್ವಾ. ಅಕ್ಷರ ಹೊಂದಿಸಲು ಪಾಪ ಯಾರೋ ಪುರಾಣದ ಪುಸ್ತಕ ಬಿಚ್ಚಿ ಕೂತಿರಬೇಕು. ಝಡ್‌ಗೆ ದೇವತೆ ಸಿಗದೆ ಗಂಡಸನ್ನೇ ಸೇರಿಸಿದ್ದಾರೆ, ಜೆಫಿರಸ್ ಪಡುವಣ ಗಾಳಿಯ ದೇವರು.

ಪ್ರಶ್ನೆ: ಅಂಕಲ್, ಕ್ಯಾಪ್ಟನ್ ಮಾರ್ವೆಲ್ ಆಗಿದ್ದಾಗ ಬಾಯಿತಪ್ಪಿ ಶಜಾಮ್ ಅಂದರೆ ಏನಾಗುತ್ತೆ? ಬಿಲ್ಲಿ ಬಾಯಿ ಕಟ್ಟಿಬಿಟ್ಟರೆ? ಮತ್ತೆ, ಅವನನ್ನು ಬರೆಯೋದು ಹೇಗೆ? (ಏಳನೇ ತರಗತಿ ಹುಡುಗ)

ಪುಟ್ಟಾ, ಇಷ್ಟು ಪತ್ರದಲ್ಲಿ ಸರಿಯಾದ ಪ್ರಶ್ನೆ ಕೇಳಿದವನು ನೀನೊಬ್ಬನೇ.

ಬಾಯಿತಪ್ಪಿ ಅಂದರೂ ಸಿಡಿಲು ಬೀಳುತ್ತದೆ, ಹುಡುಗ ಆಗಿಬಿಡುತ್ತಾನೆ. ಬಾಯಿ ಕಟ್ಟಿದರೆ ಕತೆ ಮುಗಿಯಿತು. ಅದು ಕಳ್ಳರಿಗೂ ಗೊತ್ತು. ಅದಕ್ಕೇ ಹಳೆಯ ಕತೆಗಳಲ್ಲಿ ಬಿಲ್ಲಿಯ ಬಾಯಿಗೆ ಎಷ್ಟು ಸಲ ಬಟ್ಟೆ ತುರುಕಿದ್ದಾರೋ ಲೆಕ್ಕವಿಲ್ಲ. ಹೇಗಾದರೂ ಬಟ್ಟೆ ಸಡಿಲವಾಗಲಿ ಎಂದು ನಾವು ಪುಟ ತಿರುಗಿಸುತ್ತೇವೆ.

ಇದಕ್ಕಿಂತ ಪಾಪದ ಹುಡುಗ ಇನ್ನೊಬ್ಬ ಇದ್ದಾನೆ, ಫ್ರೆಡ್ಡಿ ಫ್ರೀಮನ್. ಕಾಲಿಗೆ ಪೆಟ್ಟಾಗಿ ಊರುಗೋಲು ಹಿಡಿದು ನಡೆಯುವವನು. ಅವನು ಕ್ಯಾಪ್ಟನ್ ಮಾರ್ವೆಲ್ ಜೂನಿಯರ್. ಬಂದದ್ದು 1941ರ ಕೊನೆಯಲ್ಲಿ. ಗಾಯಕ ಎಲ್ವಿಸ್ ಪ್ರೀಸ್ಲಿ ಚಿಕ್ಕವನಿದ್ದಾಗ ಇವನ ಅಭಿಮಾನಿ. ಫ್ರೆಡ್ಡಿಯ ಮಂತ್ರ ‘ಶಜಾಮ್’ ಅಲ್ಲ, ‘ಕ್ಯಾಪ್ಟನ್ ಮಾರ್ವೆಲ್’. ಈಗ ಯೋಚನೆ ಮಾಡು. ಯಾರಾದರೂ ‘ನೀನು ಯಾರಪ್ಪಾ’ ಎಂದು ಕೇಳಿದರೆ ಅವನು ‘ನಾನು ಕ್ಯಾಪ್ಟನ್ ಮಾರ್ವೆಲ್...’ ಎನ್ನುವಷ್ಟರಲ್ಲಿ ಸಿಡಿಲು ಬಡಿದು ಮತ್ತೆ ಊರುಗೋಲಿನ ಹುಡುಗ! ತನ್ನ ಹೆಸರು ತಾನೇ ಹೇಳುವ ಹಾಗಿಲ್ಲ. ಹೊಸ ಹೆಸರಿಟ್ಟು ಬಿಲ್ಲಿಗೂ ಅದೇ ಗತಿ ತಂದರು. ಶಜಾಮ್ ಎನ್ನುವವನು ತನ್ನ ಹೆಸರು ಶಜಾಮ್ ಎಂದು ಹೇಗೆ ಹೇಳುತ್ತಾನೆ? ನನ್ನ ತಕರಾರು ಇಷ್ಟೇ.

ಬರೆಯೋದು ಹೇಳುತ್ತೇನೆ. ಬೆಕ್ ಮುಖದಲ್ಲಿ ಗೆರೆ ಜಾಸ್ತಿ ಹಾಕುತ್ತಿರಲಿಲ್ಲ. ಹೀರೋನ ಮುಖಕ್ಕೆ ಫ್ರೆಡ್ ಮ್ಯಾಕ್‌ಮರ್ರೆ ಎಂಬ ಸಿನಿಮಾ ನಟನನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದ. ಕಪ್ಪು ಕೂದಲು, ದಪ್ಪ ಹುಬ್ಬು, ಸಣ್ಣ ಕಣ್ಣು, ಅಗಲ ಗಲ್ಲ. ಮೈಮೇಲೆ ಮಾಂಸಖಂಡ ಎಣಿಸಿ ಬರೆಯಬೇಡ, ಬಟ್ಟೆ ಬಟ್ಟೆಯ ಹಾಗೆ ಕಾಣಲಿ. ಕೆಂಪು ಅಂಗಿ, ಎದೆಗೆ ಹಳದಿ ಮಿಂಚು, ಬಿಳಿ ಹೊದಿಕೆಗೆ ಹಳದಿ ಅಂಚು. ಆದರೆ ಮೊದಲು ಬಿಲ್ಲಿಯನ್ನು ಬರಿ. ಕೆಂಪು ಸ್ವೆಟರ್, ಕಂಕುಳಲ್ಲಿ ಪೇಪರ್ ಕಟ್ಟು, ಬಾಯಿ ತೆರೆದಿರಲಿ. ಮಿಂಚಿಗೆ ಮೇಲೆ ಸ್ವಲ್ಪ ಜಾಗ ಬಿಟ್ಟಿರು.