ಮೂವತ್ತೆಂಟಕ್ಕೆ ಮೊದಲ ಮಗು: ತಡವಾಯಿತೇ?

ಪ್ರಶ್ನೆ: ನನಗೆ 38, ಯಜಮಾನರಿಗೆ 44. ಮದುವೆಯಾಗಿ ಎಂಟು ತಿಂಗಳು. ಶಿಡ್ಲಘಟ್ಟದಲ್ಲಿ ನಮ್ಮದೇ ರೇಷ್ಮೆ ಬಿಚ್ಚಾಣಿಕೆ ಘಟಕವಿದೆ. ‘ಇನ್ನೊಂದು ವರ್ಷ ನೋಡೋಣ’ ಅಂತಾರೆ ಅವರು. ‘ವಯಸ್ಸು ಮೀರಿಹೋಯ್ತು’ ಅಂತಾರೆ ಅತ್ತೆ. ಯಾರ ಮಾತು ಸರಿ?

ಉತ್ತರ: ಇಬ್ಬರದ್ದೂ ಅಲ್ಲ. ವಯಸ್ಸು ಮೀರಿಲ್ಲ, ಆದರೆ ವರ್ಷವಿಡೀ ಸುಮ್ಮನೆ ನೋಡುವಷ್ಟು ಬಿಡುವೂ ಇಲ್ಲ. ಹೆಂಡತಿಗೆ 35ರೊಳಗಿದ್ದರೆ ಒಂದು ವರ್ಷ ಪ್ರಯತ್ನಿಸಿ ಆಮೇಲೆ ವೈದ್ಯರ ಬಳಿ ಹೋಗುವುದು ರೂಢಿ. 35 ದಾಟಿದ್ದರೆ ಆರೇ ತಿಂಗಳು, 40 ದಾಟಿದ್ದರೆ ಕಾಯುವಂತೆಯೇ ಇಲ್ಲ. ನಿಮ್ಮ ಆರು ತಿಂಗಳು ಆಗಲೇ ಮುಗಿದಿದೆ.

ಹೆಣ್ಣು ಹುಟ್ಟುವಾಗಲೇ ಅಂಡಾಣುಗಳು ಜೊತೆಗೆ ಬಂದಿರುತ್ತವೆ. ವಯಸ್ಸಾದಂತೆ ಅವು ಕಡಿಮೆಯಾಗುತ್ತವೆ, ಉಳಿದವುಗಳಲ್ಲಿ ಕ್ರೋಮೋಸೋಮ್ (ವಂಶವಾಹಿಗಳನ್ನು ಹೊತ್ತ ಎಳೆಗಳು) ಲೆಕ್ಕ ತಪ್ಪುವುದು ಹೆಚ್ಚುತ್ತದೆ. ಈ ವಯಸ್ಸಲ್ಲಿ ಗರ್ಭ ನಿಲ್ಲದಿರುವುದಕ್ಕೆ, ನಿಂತರೂ ಮೊದಲ ಮೂರು ತಿಂಗಳಲ್ಲೇ ಹೋಗುವುದಕ್ಕೆ ಮುಖ್ಯ ಕಾರಣ ಇದೇ. ಒಂದು ಕ್ರೋಮೋಸೋಮ್ ಹೆಚ್ಚಾಗಿ ಮಗುವಿನ ಬೆಳವಣಿಗೆ ಕುಂಠಿತವಾಗುವ ಡೌನ್ ಸಿಂಡ್ರೋಮ್ ಸಾಧ್ಯತೆ 35ರಲ್ಲಿ ಸುಮಾರು 350ಕ್ಕೆ ಒಂದು, 40ರಲ್ಲಿ ಸುಮಾರು 100ಕ್ಕೆ ಒಂದು. ಅಂದರೆ 40ರಲ್ಲೂ ನೂರಕ್ಕೆ ತೊಂಬತ್ತೊಂಬತ್ತು ಮಕ್ಕಳಿಗೆ ಅದಿರುವುದಿಲ್ಲ. ಅತ್ತೆಗೆ ಇದನ್ನೂ ಹೇಳಿ.

ಮೊದಲು ಯಜಮಾನರ ವೀರ್ಯ ಪರೀಕ್ಷೆಯಾಗಲಿ. ಖರ್ಚೂ ಕಡಿಮೆ, ನೋವೂ ಇಲ್ಲ. ಆದರೂ ನಮ್ಮ ಕಡೆ ಹೆಂಡತಿಗೆ ಎಲ್ಲ ಸ್ಕ್ಯಾನ್ ಮುಗಿದ ಮೇಲೇ ಗಂಡಸರು ಲ್ಯಾಬ್ ಮೆಟ್ಟಿಲು ಹತ್ತುವುದು! ಎರಡರಿಂದ ಏಳು ದಿನ ಸಂಪರ್ಕ ಬಿಟ್ಟಿದ್ದು ಸ್ಯಾಂಪಲ್ ಕೊಡಬೇಕು. ಮನೆಯಲ್ಲಿ ತೆಗೆದರೆ ಮೈಗೆ ತಾಗಿಸಿಟ್ಟುಕೊಂಡು ಒಂದು ಗಂಟೆಯೊಳಗೆ ತಲುಪಿಸಬೇಕು. ಅವರು ರೇಷ್ಮೆಗೂಡು ಬೇಯಿಸುವ ಕುದಿನೀರಿನ ಬೇಸಿನ್ ಪಕ್ಕದಲ್ಲೇ ದಿನವಿಡೀ ಇರುತ್ತಾರಾದರೆ ವೈದ್ಯರಿಗೆ ತಿಳಿಸಿ. ವೃಷಣಗಳು ದೇಹಕ್ಕಿಂತ ತಂಪಾಗಿರಬೇಕು, ಬಿಸಿ ಹೆಚ್ಚಾದರೆ ವೀರ್ಯಾಣುಗಳ ಸಂಖ್ಯೆ ಕುಗ್ಗಬಹುದು. ಹೊಸ ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳು ಬೇಕು. ಬೀಡಿ, ಕುಡಿತ ಬಿಟ್ಟು ಬೇಸಿನ್ನಿನಿಂದ ದೂರ ಕೂತರೂ ಫಲ ಮುಂದಿನ ವಾರದ ರಿಪೋರ್ಟಲ್ಲಿ ಕಾಣದು.

ನಿಮಗೆ ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ, ಬಿಪಿ, ಎಎಂಎಚ್ (ಅಂಡಾಶಯದ ಹಾರ್ಮೋನಿನ ರಕ್ತಪರೀಕ್ಷೆ) ಮತ್ತು ಗರ್ಭಕೋಶ, ಅಂಡಾಶಯ ನೋಡುವ ಒಳಗಿನ ಸ್ಕ್ಯಾನ್ ಬೇಕು. ಎಎಂಎಚ್ ಕಡಿಮೆ ಬಂತೆಂದು ಗಾಬರಿಯಾಗಬೇಡಿ. ಅದು ಉಳಿದಿರುವ ಅಂಡಗಳ ಅಂದಾಜು ಕೊಡುತ್ತದೆಯೇ ಹೊರತು ತಾನಾಗಿ ಗರ್ಭ ನಿಲ್ಲುತ್ತದೋ ಇಲ್ಲವೋ ಹೇಳುವುದಿಲ್ಲ. ಫೋಲಿಕ್ ಆಮ್ಲ ದಿನಕ್ಕೆ 400 ಮೈಕ್ರೋಗ್ರಾಂ ಇವತ್ತೇ ಶುರು ಮಾಡಿ. ಅಂಗಡಿಯಲ್ಲಿ ಸಲೀಸಾಗಿ ಕೈಗೆ ಬರುವುದು 5 ಮಿಲಿಗ್ರಾಂ ಮಾತ್ರೆ. ಅದು ಸಕ್ಕರೆ ಕಾಯಿಲೆ, ಮೂರ್ಛೆ ರೋಗದ ಔಷಧಿ ಮುಂತಾದ್ದಿದ್ದವರಿಗೆ, ವೈದ್ಯರು ಬರೆದುಕೊಟ್ಟರೆ ಮಾತ್ರ. ಋತುಚಕ್ರ 28 ದಿನದ್ದಾದರೆ, ಮುಟ್ಟಾದ ಮೊದಲ ದಿನದಿಂದ ಎಣಿಸಿ ಹತ್ತನೇ ದಿನದಿಂದ ಹದಿನಾರರವರೆಗೆ ದಿನಬಿಟ್ಟು ದಿನ ಸೇರಿದರೆ ಸಾಕು.

ಗರ್ಭ ನಿಂತ ಮೇಲೆ 11ರಿಂದ 14ನೇ ವಾರದೊಳಗಿನ ಎನ್‌ಟಿ ಸ್ಕ್ಯಾನ್ (ಮಗುವಿನ ಕುತ್ತಿಗೆಯ ಹಿಂದಿನ ದ್ರವ ಅಳೆದು ಡೌನ್ ಸಿಂಡ್ರೋಮ್ ಸಾಧ್ಯತೆ ಅಂದಾಜಿಸುವುದು) ತಪ್ಪಿಸಬೇಡಿ. ಆ ವಾರಗಳು ಕಳೆದರೆ ಅದನ್ನು ಮತ್ತೆ ಮಾಡಲಾಗದು.

ಪ್ರಶ್ನೆ: ನಾವು ತುಮಕೂರಿನವರು. ನನಗೆ 47, ಪತಿಗೆ 52. ಐವಿಎಫ್‌ಗೆ (ಲ್ಯಾಬಿನಲ್ಲಿ ಭ್ರೂಣ ಮಾಡುವ ಚಿಕಿತ್ಸೆ) ಕಾನೂನು ಅಡ್ಡಿಯೇ? ದತ್ತು ಸಿಗುತ್ತದೆಯೇ?

ಉತ್ತರ: ಇಂಥ ಚಿಕಿತ್ಸೆಗಳಿಗೆಂದೇ ಬಂದ 2021ರ ಕಾಯ್ದೆ ಪ್ರಕಾರ ಹೆಂಡತಿಗೆ 50, ಗಂಡನಿಗೆ 55 ತುಂಬಿರಬಾರದು. ನೀವಿನ್ನೂ ಮಿತಿಯೊಳಗಿದ್ದೀರಿ. ಆದರೆ 47ರಲ್ಲಿ ಸ್ವಂತ ಅಂಡದಿಂದ ಐವಿಎಫ್ ಫಲಿಸುವುದು ತೀರಾ ಅಪರೂಪ. ದಾನಿ ಅಂಡದ ಮಾತೆತ್ತದೆ ಪ್ಯಾಕೇಜ್ ಹೇಳುವ ಕಡೆ ಹಣ ಕಟ್ಟಬೇಡಿ. ದಾನಿ ಅಂಡವಾದರೂ ಗರ್ಭ ಹೊರುವುದು ನಿಮ್ಮ ದೇಹವೇ. ಬಿಪಿ, ಸಕ್ಕರೆ, ಹೃದಯದ ತಪಾಸಣೆ ಮೊದಲೇ ಆಗಲಿ.

ದತ್ತು ಪಡೆಯಲು ದಂಪತಿಯ ವಯಸ್ಸು ಕೂಡಿಸಿ ನೋಡುತ್ತಾರೆ. ಎರಡು ವರ್ಷದೊಳಗಿನ ಮಗುವಿಗೆ ಮೊತ್ತ 85, ನಾಲ್ಕರವರೆಗೆ 90, ಎಂಟರವರೆಗೆ 100 ಮೀರಬಾರದು. ನಿಮ್ಮದು 99, ಹಾಗಾಗಿ ನಾಲ್ಕರಿಂದ ಎಂಟು ವರ್ಷದ ಮಗುವಿಗೆ ಅವಕಾಶವಿದೆ. ಮುಂದಿನ ವರ್ಷ ಮೊತ್ತ 101 ಆಗುತ್ತದೆ. ಐವಿಎಫ್ ಏನಾಗುತ್ತದೋ ನೋಡಿ ಆಮೇಲೆ ಎನ್ನುವ ಬದಲು ಕಾರಾ (ಕೇಂದ್ರ ಸರ್ಕಾರದ ದತ್ತು ಪ್ರಾಧಿಕಾರ) ಜಾಲತಾಣದಲ್ಲಿ ಈಗಲೇ ನೋಂದಾಯಿಸಿ.