ಉಬುಂಟುವಿನಲ್ಲಿ ಎಚ್‌ಟಿಟಿಪೈ (ಟರ್ಮಿನಲ್‌ನಿಂದ ವೆಬ್ ರಿಕ್ವೆಸ್ಟ್ ಕಳಿಸುವ ಟೂಲ್) ಹಾಕಲು ‘ಪಿಪ್ ಇನ್‌ಸ್ಟಾಲ್ ಎಚ್‌ಟಿಟಿಪೈ’ ಕೊಟ್ಟರೆ ‘ಎಕ್ಸ್‌ಟರ್ನಲಿ ಮ್ಯಾನೇಜ್ಡ್’ ಎಂಬ ಎರರ್ ಬರುತ್ತದೆ. ಏನು ಮಾಡಬೇಕು?

ಉಬುಂಟು 23.04, ಡೆಬಿಯನ್ 12ರಿಂದೀಚೆಗೆ ಸಿಸ್ಟಮ್‌ನ ಪೈಥಾನ್‌ಗೆ ಪಿಪ್ (ಪೈಥಾನ್ ಪ್ಯಾಕೇಜ್‌ಗಳನ್ನು ಹಾಕುವ ಟೂಲ್) ನೇರವಾಗಿ ಕೈಹಾಕುವಂತಿಲ್ಲ. ಸಿಸ್ಟಮ್‌ನದೇ ಇನ್‌ಸ್ಟಾಲರ್ ಆದ ಆಪ್ಟ್ ಹಾಕಿದ ಲೈಬ್ರರಿಯ ಬದಲು ಬೇರೆ ಆವೃತ್ತಿ ಬಂದು ಕೂತರೆ ಸಿಸ್ಟಮ್‌ನದೇ ಟೂಲ್‌ಗಳು ಕೆಡಬಹುದು. ದಯವಿಟ್ಟು ‘ಬ್ರೇಕ್ ಸಿಸ್ಟಮ್ ಪ್ಯಾಕೇಜಸ್’ ಆಯ್ಕೆ ಕೊಟ್ಟು ದಾಟಿಹೋಗಬೇಡಿ.

ಬದಲಿಗೆ, ಪ್ರತಿ ಪೈಥಾನ್ ಟೂಲನ್ನೂ ಪ್ರತ್ಯೇಕವಾಗಿ ಹಾಕುವ ಪಿಪ್‌ಎಕ್ಸ್ ಬಳಸಿ: ‘ಸುಡೊ ಆಪ್ಟ್ ಇನ್‌ಸ್ಟಾಲ್ ಪಿಪ್‌ಎಕ್ಸ್’ ಕೊಡಿ. ಆಮೇಲೆ ‘ಪಿಪ್‌ಎಕ್ಸ್ ಎನ್ಶೂರ್‌ಪಾತ್’ ಕೊಟ್ಟು, ಟರ್ಮಿನಲ್ ಮುಚ್ಚಿ ಹೊಸದು ತೆರೆಯಿರಿ. ಈ ಹೆಜ್ಜೆ ಬಿಟ್ಟರೆ ಇನ್‌ಸ್ಟಾಲ್ ಆಗಿದ್ದರೂ ‘ಕಮಾಂಡ್ ನಾಟ್ ಫೌಂಡ್’ ಬರಬಹುದು. ಈಗ ‘ಪಿಪ್‌ಎಕ್ಸ್ ಇನ್‌ಸ್ಟಾಲ್ ಎಚ್‌ಟಿಟಿಪೈ’. ಅದಕ್ಕೆಂದೇ ಪ್ರತ್ಯೇಕ ವರ್ಚುವಲ್ ಎನ್ವಿರಾನ್‌ಮೆಂಟ್ (ಸಿಸ್ಟಮ್‌ನ ಲೈಬ್ರರಿಗಳಿಗೆ ತಾಗದ ಬೇರೆ ಫೋಲ್ಡರ್) ತಯಾರಾಗುತ್ತದೆ. ಹೋಮ್ ಫೋಲ್ಡರಿನ ‘.ಲೋಕಲ್/ಬಿನ್’ನಲ್ಲಿ ಲಿಂಕ್ ಮಾತ್ರ ಕೂರುತ್ತದೆ. ಓಡಿಸುವ ಕಮಾಂಡ್ ‘ಎಚ್‌ಟಿಟಿಪಿ’, ಪ್ಯಾಕೇಜಿನ ಹೆಸರಲ್ಲ.

ಉಬುಂಟು ಅಪ್‌ಗ್ರೇಡ್ ಆಗಿ ಪೈಥಾನ್ ಆವೃತ್ತಿ ಬದಲಾದಾಗ ಹೀಗೆ ಹಾಕಿದ್ದೆಲ್ಲ ಒಮ್ಮೆಲೇ ನಿಲ್ಲಬಹುದು. ಆಗ ‘ಪಿಪ್‌ಎಕ್ಸ್ ರೀಇನ್‌ಸ್ಟಾಲ್-ಆಲ್’ ಕೊಡಿ.