ಸದ್ದು ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ

ಪ್ರಶ್ನೆ: ನನ್ನ ತಂದೆಗೆ 71 ವರ್ಷ. ಬಹುಕಾಲದಿಂದ ಎರಡೂ ಕಿವಿಗೆ ಶ್ರವಣ ಸಾಧನ ಹಾಕಿಕೊಳ್ಳುತ್ತಾರೆ. ಆದರೂ ‘ಸದ್ದು ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ’ ಎಂದು ಫೋನನ್ನೇ ಕೈಬಿಟ್ಟಿದ್ದಾರೆ. ಕಾಕ್ಲಿಯರ್ ಇಂಪ್ಲಾಂಟ್ (ಶಸ್ತ್ರಚಿಕಿತ್ಸೆ ಮಾಡಿ ಒಳಗಿವಿಗೆ ಅಳವಡಿಸುವ ಉಪಕರಣ) ತಪಾಸಣೆ ಮಾಡಿಸಿ ಎಂದು ಆಡಿಯಾಲಜಿಸ್ಟ್ (ಶ್ರವಣ ತಜ್ಞರು) ಹೇಳಿದರೆ, ‘ಅದು ಹುಟ್ಟಿನಿಂದ ಕಿವಿ ಕೇಳದ ಮಕ್ಕಳಿಗೆ, ಈ ವಯಸ್ಸಿನಲ್ಲಿ ನನಗೇಕೆ’ ಎಂದು ಸಿಟ್ಟಾಗುತ್ತಾರೆ. ಒತ್ತಾಯಿಸಲೇ, ಸುಮ್ಮನಿರಲೇ?

ಉತ್ತರ: ಶಸ್ತ್ರಚಿಕಿತ್ಸೆಗೆ ಒತ್ತಾಯಿಸಬೇಡಿ, ತಪಾಸಣೆಯ ವಿಷಯದಲ್ಲಿ ಸುಮ್ಮನಿರಲೂ ಬೇಡಿ. ಇದು ಮಕ್ಕಳಿಗಷ್ಟೇ ಎಂಬುದು ನಿಜವಲ್ಲ. ಅಮೆರಿಕದಲ್ಲಿ 1984ರಲ್ಲಿ ಇದಕ್ಕೆ ಮೊದಲು ಅನುಮತಿ ದೊರೆತದ್ದೇ ವಯಸ್ಕರಿಗೆ. ಮಕ್ಕಳ ಸರದಿ ಬಂದದ್ದು 1990ರಲ್ಲಿ. ಅಂದು ಏನೂ ಕೇಳಿಸದವರಿಗೆ ಮೀಸಲಾಗಿದ್ದದ್ದು ಇಂದು ಶ್ರವಣ ಸಾಧನ ಸಾಲದವರಿಗೂ, 2019ರಿಂದ ಅಲ್ಲಿ ಒಂದೇ ಕಿವಿ ಪೂರ್ತಿ ಕೇಳಿಸದವರಿಗೂ ದೊರೆಯುತ್ತಿದೆ. ವಯಸ್ಸಿಗೆ ಮೇಲ್ಮಿತಿಯಿಲ್ಲ; ಅರಿವಳಿಕೆಯನ್ನು ದೇಹ ತಾಳುತ್ತದೆಯೇ ಎಂಬುದನ್ನು ವೈದ್ಯರು ನೋಡುತ್ತಾರೆ.

ಶ್ರವಣ ಸಾಧನ ಸದ್ದನ್ನು ದೊಡ್ಡದು ಮಾಡುತ್ತದೆ, ಅಷ್ಟೇ. ಸದ್ದನ್ನು ನರಕ್ಕೆ ದಾಟಿಸುವ ಒಳಗಿವಿಯ ರೋಮಕೋಶಗಳು ಹಾಳಾಗಿದ್ದರೆ, ಎಷ್ಟು ದೊಡ್ಡದು ಮಾಡಿದರೂ ಮಾತು ಕಲಸಿಕೊಂಡೇ ಕೇಳಿಸುತ್ತದೆ. ಇಂಪ್ಲಾಂಟ್ ಆ ಕೋಶಗಳನ್ನು ದಾಟಿ, ಒಳಗಿವಿಯೊಳಗೆ ಕೂರಿಸಿದ ಎಲೆಕ್ಟ್ರೋಡ್‌ಗಳಿಂದ ಶ್ರವಣ ನರವನ್ನೇ ಪ್ರಚೋದಿಸುತ್ತದೆ. ಆದ್ದರಿಂದಲೇ ತಪಾಸಣೆಯಲ್ಲಿ ಶ್ರವಣ ಸಾಧನ ಹಾಕಿಸಿ, ತುಟಿ ಕಾಣದಂತೆ ಪದಗಳನ್ನೂ ವಾಕ್ಯಗಳನ್ನೂ ಕೇಳಿಸಿ, ಎಷ್ಟನ್ನು ಸರಿಯಾಗಿ ಮರಳಿ ಹೇಳುತ್ತಾರೆಂದು ಅಳೆಯುತ್ತಾರೆ. ಎರಡರಲ್ಲಿ ಚೆನ್ನಾಗಿ ಕೇಳುವ ಕಿವಿಯಲ್ಲೂ ಶ್ರವಣ ನಷ್ಟ 60 ಡೆಸಿಬೆಲ್ (ಸದ್ದಿನ ಅಳತೆ) ಅಥವಾ ಹೆಚ್ಚಿದ್ದು, ಸಾಧನವಿಲ್ಲದೆ ಗುರುತಿಸಿದ ಪದಗಳು ಶೇ 60 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಈ ತಪಾಸಣೆಗೆ ಕಳಿಸುವುದು ಅನೇಕ ತಜ್ಞರು ಪಾಲಿಸುವ ಸೂತ್ರ.

ಬಹುಕಾಲ ಮಾತು ಕೇಳಿ ಬಾಳಿದ ಮಿದುಳು ನಿಮ್ಮ ತಂದೆಯ ಪಾಲಿನ ದೊಡ್ಡ ಬಲ. ಹುಟ್ಟಿನಿಂದ ಕೇಳದೆ ದೊಡ್ಡವರಾದವರಿಗೆ ಇಷ್ಟು ಲಾಭ ಸಾಮಾನ್ಯವಾಗಿ ಸಿಗದು. ಹಾಗೆಂದು ಕಷ್ಟಗಳನ್ನು ಅವರಿಂದ ಮುಚ್ಚಿಡಬೇಡಿ. ಶಸ್ತ್ರಚಿಕಿತ್ಸೆಯಾಗಿ ಕೆಲವು ವಾರಗಳ ನಂತರ ಇಂಪ್ಲಾಂಟನ್ನು ಚಾಲೂ ಮಾಡಿದಾಗ ಮನೆಯವರ ದನಿಯೂ ಯಂತ್ರದ ಸದ್ದಿನಂತೆ ಕೇಳಬಹುದು. ಅದು ಮಾತಾಗಿ ಕೂಡಿಬರಲು ತಿಂಗಳುಗಟ್ಟಲೆ ಅಭ್ಯಾಸ ಬೇಕು. ಆ ಕಿವಿಯಲ್ಲಿ ಉಳಿದಿರುವ ಸಹಜ ಶ್ರವಣವೂ ಹೋಗಬಹುದು. ಸಂಗೀತ ಅನೇಕರಿಗೆ ಮೊದಲಿನಂತೆ ಕೇಳಿಸುವುದಿಲ್ಲ.

ಗದ್ದಲವಿಲ್ಲದ ಕೋಣೆಯಲ್ಲಿ, ಮುಖಕ್ಕೆ ಬೆಳಕು ಬೀಳುವಂತೆ ಎದುರು ಕುಳಿತು, ಇಷ್ಟನ್ನೇ ಕೇಳಿ: ‘ಪರೀಕ್ಷೆಯೊಂದನ್ನು ಮಾಡಿಸಿ, ನಿರ್ಧಾರ ನಿಮ್ಮದೇ.’ ತಜ್ಞರ ಪ್ರಶ್ನೆಗೆ ಅವರ ಬದಲು ನೀವು ಉತ್ತರಿಸಬೇಡಿ. ಇದೇ ವಯಸ್ಸಿನಲ್ಲಿ ಇಂಪ್ಲಾಂಟ್ ಹಾಕಿಸಿಕೊಂಡವರೊಬ್ಬರ ಭೇಟಿ ಮಾಡಿಸುವಂತೆ ಆಸ್ಪತ್ರೆಯವರನ್ನು ಕೋರಿ. ಎಲ್ಲ ತಿಳಿದ ಮೇಲೂ ಬೇಡವೆಂದರೆ ಅದನ್ನು ಗೌರವಿಸಿ, ಆಡಿದ ಮಾತನ್ನು ಅಕ್ಷರದಲ್ಲಿ ತೋರಿಸುವ ಸೌಲಭ್ಯವನ್ನು ಅವರ ಫೋನಿಗೆ ಹಾಕಿಕೊಡಿ.